ಆದರೆ ಸರ್ ಬರೆಯದ ಚಿತ್ರ

ಪರರ ಧ್ವನಿಯಲ್ಲಿ ಬದುಕುವವನನ್ನು ಮನೆಯವರೂ ನಂಬುವುದಿಲ್ಲ. ಜ್ವರ ಬಂದು ನರಳಿದರೂ ನಮ್ಮವ್ವ, ಇದು ಯಾರ ಧ್ವನಿ ಎಂದು ಕೇಳುತ್ತಾಳೆ. ಇಳಕಲ್ಲಿನ ನಮ್ಮ ಓಣಿಯಲ್ಲಿ ನಾನು ಅಣಕಿಸದೆ ಬಿಟ್ಟವರಿಲ್ಲ. ಹುನಗುಂದ ಬಸ್ಸಿನ ಕಂಡಕ್ಟರನಿಂದ ಹಿಡಿದು, ಹೆಣ್ಣು ನೋಡಲು ಹೋಗಿ ತೊದಲಿದ ನನ್ನವರೆಗೆ. ಈ ಕೊನೆಯ ಐಟಂಗೇ ಚಪ್ಪಾಳೆ ಜಾಸ್ತಿ.

ನನಗೆ ಹೆಸರು ತಂದದ್ದು ಮಾತ್ರ ಬಾಗಲಕೋಟೆಯ ಒಬ್ಬ ವಿಮರ್ಶಕರ ಧ್ವನಿ. ನಾಟಕಕಾರರ, ನಿರ್ದೇಶಕರ ವ್ಯಕ್ತಿಚಿತ್ರ ಬರೆಯುವುದು ಅವರ ಕಸುಬು. "ಬೆಳಕಿನ ವಿನ್ಯಾಸ ಅದ್ಭುತ. ಆದರೆ ನಟರೂ ಕಾಣಿಸಬಹುದಿತ್ತು." "ಇವರ ಪಾತ್ರಗಳ ಮೌನ ಬಹಳ ಆಳವಾದದ್ದು. ಆದರೆ ಅವು ಮಾತಾಡುತ್ತವೆ." ಹೀಗೆ. ಓದಿದ ನಿರ್ದೇಶಕನಿಗೆ ಆ ದಿನ ಊಟ ಸೇರುತ್ತಿರಲಿಲ್ಲ. ರಂಗದ ಮಂದಿ ಅವರನ್ನು ಕರೆಯುತ್ತಿದ್ದದ್ದೇ 'ಆದರೆ ಸರ್' ಎಂದು. ಅವರು ತೀರಿಕೊಂಡ ಮೇಲೆ ಆ ಚಿತ್ರಗಳೆಲ್ಲ ಸೇರಿ ಪುಸ್ತಕವಾದವು.

ಪುಸ್ತಕ ಬಂದದ್ದೇ ತಡ, ಹುನಗುಂದದ ದಾವಲಸಾಬ ಮಾಸ್ತರು ನನಗೆ ಹೇಳಿ ಕಳಿಸಿದರು. ಆಯುಷ್ಯವಿಡೀ ನಾಟಕ ಆಡಿಸಿದವರು. ನಾನು ಮೊದಲು ರಂಗ ಹತ್ತಿದ್ದು ಅವರ ನಾಟಕದಲ್ಲಿಯೇ, ಮರವಾಗಿ. ಗಾಳಿಯಿಲ್ಲದೆ ಅಲುಗಾಡಿದ್ದಕ್ಕೆ ಬೈಸಿಕೊಂಡಿದ್ದೆ. ಈಗ ಸಕ್ಕರೆ ಕಾಯಿಲೆ ಅವರ ಕಣ್ಣು ತಿಂದಿದೆ.

"ಅದರಾಗ ನನ್ನ ಮ್ಯಾಲೆ ಬರೆದದ್ದು ಓದಪಾ. ಅವನ ಧ್ವನಿಯೊಳಗ ಓದು" ಎಂದರು. 'ಆದರೆ ಸರ್' ಮಾಸ್ತರ ಪ್ರತಿ ನಾಟಕಕ್ಕೂ ಬಂದು ಮುಂದಿನ ಸಾಲಿನಲ್ಲಿ ಕೂತವರು, ಅವರ ಮೇಲೆ ಎಂದೂ ಒಂದಕ್ಷರ ಬರೆದವರಲ್ಲ. ಕಡೆಗಾದರೂ ಬರೆದಿರಲೇಬೇಕೆಂದು ಮಾಸ್ತರ ನಂಬಿಕೆ.

ಪರಿವಿಡಿ ನೋಡಿದೆ. ಇನ್ನೊಮ್ಮೆ ನೋಡಿದೆ. ಬೆಂಗಳೂರಿನವರಿದ್ದರು, ಧಾರವಾಡದವರಿದ್ದರು, ದಾವಲಸಾಬರು ಇರಲಿಲ್ಲ. ಎದುರಿಗೆ ಮಾಸ್ತರು ಟೊಪ್ಪಿಗೆ ಸರಿಮಾಡಿಕೊಂಡು, ಫೋಟೊ ತೆಗೆಸಿಕೊಳ್ಳುವವರಂತೆ ನೆಟ್ಟಗೆ ಕೂತಿದ್ದರು. ಅವರ ಮಗಳೂ ಒಲೆ ಆರಿಸಿ ಬಂದು ಬಾಗಿಲಲ್ಲಿ ನಿಂತಳು. ನಾನು ಯಾವುದೋ ಪುಟ ತೆರೆದು, 'ಆದರೆ ಸರ್' ಧ್ವನಿ ತಂದುಕೊಂಡು, ಅಲ್ಲಿಲ್ಲದ್ದನ್ನು ಓದತೊಡಗಿದೆ.

"ದಾವಲಸಾಬರ ರಂಗದಲ್ಲಿ ಮರಕ್ಕೂ ಪಾತ್ರವಿದೆ. ಹಗಲೆಲ್ಲ ಮಗ್ಗದ ಮುಂದೆ ಕೂತವರನ್ನು ಇವರು ಸಂಜೆ ರಾಜರನ್ನಾಗಿ ಮಾಡಿದರು. ರಾಜರ ಬೆನ್ನೂ ನೋಯುತ್ತದೆಂದು ನಮಗೆ ತೋರಿಸಿದರು."

ಇನ್ನೂ ಹೊಗಳಿದೆ. ಉಸಿರು ಮುಗಿಯುವವರೆಗೆ ಹೊಗಳಿ ಪುಸ್ತಕ ಮುಚ್ಚಿದೆ. ಮಾಸ್ತರು ಕಿವಿಗೊಟ್ಟೇ ಇದ್ದರು.

"ಮುಂದ?"

"ಮುಗೀತ್ರಿ."

"ಮತ್ತ, 'ಆದರೆ' ಎಲ್ಲೈತಿ?"

ಅದೊಂದು ಮರೆತಿದ್ದೆ. ಹೊಗಳುವ ಹುಕಿಯಲ್ಲಿ ಆ ಮನುಷ್ಯನನ್ನೇ ಬಿಟ್ಟುಬಿಟ್ಟಿದ್ದೆ. ಮಾಸ್ತರು ಕೈಚಾಚಿ ನನ್ನ ತೊಡೆಯ ಮೇಲಿನ ಪುಸ್ತಕ ಸವರಿದರು.

"ಒಂದು 'ಆದರೆ' ಬರೀಲಿಕ್ಕೂ ನಾ ಸಾಲಲಿಲ್ಲೇನಪಾ ಅವಂಗ?"

ನನ್ನ ಗಂಟಲಲ್ಲಿ ಅರ್ಧ ಜಿಲ್ಲೆಯ ಜನರಿದ್ದಾರೆ. ಆಗ ಒಬ್ಬರೂ ಬಾಯಿ ತೆರೆಯಲಿಲ್ಲ. ಮಗಳು ಚಹಾ ತಂದಳು, ಕುಡಿದೆವು. ಹೊರಡುವಾಗ ಮಾತ್ರ ನನ್ನ ಚಟ ಬಿಡಬೇಕಲ್ಲ, ಧ್ವನಿ ಹೆಂಗಿತ್ರಿ ಎಂದು ಕೇಳಿಯೇಬಿಟ್ಟೆ.

"ಥೇಟ್ ಅವಂದ" ಎಂದರು ಮಾಸ್ತರು. ನಕ್ಕರು. "ಆದರೆ... ಇರ್ಲಿ, ಮತ್ತ ಬಂದಾಗ ಹೇಳ್ತೇನಿ."

ಮತ್ತೆ ಹೋದದ್ದು ಅವರ ಮಣ್ಣಿಗೆ. ಮುಗಿಸಿಕೊಂಡು ಬಂದು ನಮ್ಮ ಮನೆ ಕಟ್ಟೆಯ ಮೇಲೆ ಸುಮ್ಮನೆ ಕೂತೆ. ಅವ್ವ ಹೊರಗೆ ಬಂದು ಬಹಳ ಹೊತ್ತು ನನ್ನನ್ನೇ ನೋಡಿದಳು.

"ಇದು ಯಾರದಲೇ, ಹಿಂಗ ಸುಮ್ಮ ಕೂಡೂದು?"

ನಂದ ಬೇ, ಎಂದೆ. ಅವ್ವ ನಂಬಲಿಲ್ಲ.