ತಾಮ್ರ, ತವರ ಮತ್ತು ನಮ್ಮ ಕಾಕಾ

ಚೀನಾದಲ್ಲಿ ಮೊಟ್ಟಮೊದಲ ಕಂಚಿನ ಬಟ್ಟಲನ್ನು ಎರಕ ಹೊಯ್ದಾಗ ನಮ್ಮ ಕಾಕಾ ಪಕ್ಕದಲ್ಲೇ ನಿಂತು, ಅಚ್ಚು ಸರಿಯಾಗಿ ಕೂಡಿಲ್ಲವೆಂದು ಎಲ್ಲರ ತಲೆ ತಿಂದಿರಬೇಕು ಎಂಬುದು ನನ್ನ ಬಲವಾದ ಗುಮಾನಿ! ಇಲ್ಲವಾದರೆ ಮೂರೂವರೆ ಸಾವಿರ ವರ್ಷ ಹಳೆಯ ಮೂರು ಕಾಲಿನ ಬಟ್ಟಲುಗಳ ಒಳಗುಟ್ಟು ಬಾಗಲಕೋಟೆಯ ಮನುಷ್ಯನಿಗೆ ಗೊತ್ತಾಗುವುದಾದರೂ ಹೇಗೆ?

ಕಾಕಾ ಎಂದರೆ ರಕ್ತಸಂಬಂಧವೇನಲ್ಲ. ಜರ್ಮನಿಯವರು ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ನಾನು ಹೆಂಡತಿಯೊಂದಿಗೆ ಅಲ್ಲಿನ ಆಖೆನ್‌ಗೆ ಬಂದಾಗ, ಈ ಬ್ರಹ್ಮಚಾರಿ ಲೋಹವಿಜ್ಞಾನಿ ಅಲ್ಲಿ ಮೂವತ್ತು ವರ್ಷ ಕಳೆದಿದ್ದರು. ಬೇರೆಯವರು ಪಾಕೀಟಿನಲ್ಲಿ ಮಕ್ಕಳ ಫೋಟೋ ಇಟ್ಟುಕೊಂಡರೆ ಇವರು ಹಳದಿ ನದಿಯ ಸೀಮೆಯಲ್ಲಿ ನೆಲ ಅಗೆದಾಗ ಸಿಕ್ಕ ಬಟ್ಟಲಿನ ಫೋಟೋ ಇಟ್ಟುಕೊಂಡಿದ್ದರು. ಒಮ್ಮೆ ಬಸ್ಸಿನಲ್ಲಿ ತಪಾಸಣೆಯವನು ಬಂದಾಗ ಮೋನಾಟ್ಸ್‌ಕಾರ್ಟೆ ಎಂಬ ತಿಂಗಳ ಪಾಸಿನ ಬದಲು ಅದನ್ನೇ ತೋರಿಸಿದರು. ಅವನು ಹುಬ್ಬೇರಿಸಿದ್ದೇ ತಡ, ಮಣ್ಣಿನ ಅಚ್ಚನ್ನು ತುಂಡುತುಂಡಾಗಿ ಜೋಡಿಸುವ ಬಗೆಯನ್ನು ವಿವರಿಸತೊಡಗಿದರು. ಪಾಪ, ಮುಂದಿನ ನಿಲ್ದಾಣದಲ್ಲಿ ಅವನೇ ಇಳಿದುಹೋದ!

ಇಂಥವರನ್ನು ಒಂದು ಭಾನುವಾರ ಊಟಕ್ಕೆ ಕರೆದೆವು. ಹೆಂಡತಿಗೆ ಆಗ ಏಳು ತಿಂಗಳು. ಬಾಣಂತನಕ್ಕೆ ಬರಬೇಕಿದ್ದ ಅವಳ ಅಮ್ಮನ ವೀಸಾ ಆ ವಾರವಷ್ಟೇ ತಿರಸ್ಕೃತವಾಗಿತ್ತು. ಇವಳನ್ನು ವಿಮಾನ ಹತ್ತಿಸಲು ಡಾಕ್ಟರು ಒಪ್ಪಲಿಲ್ಲ. ಚೊಚ್ಚಲ ಹೆರಿಗೆಗೆ ಜೊತೆಗೆ ಯಾರು? ನಾನೋ, ರಕ್ತ ಕಂಡರೆ ಗೋಡೆ ಹಿಡಿಯುವ ಗಂಡಸು!

ಇದೊಂದೂ ತಿಳಿಯದ ಕಾಕಾ ನನಗೆ ಲೋಹಶಾಸ್ತ್ರ ಬೋಧಿಸುತ್ತಿದ್ದರು. ಹೆಂಡತಿ ಅಡುಗೆಮನೆಯಿಂದ ಪಲ್ಯ ತಂದಿಡುವ ಹೊತ್ತಿಗೆ ಅವಳತ್ತ ತಿರುಗಿದರು.

"ತವರ ಬೇಕಽ ಬೇಕು ನೋಡವಾ. ತವರ ಇಲ್ಲಂದ್ರ ಗಟ್ಟಿ ಆಗೂದಿಲ್ಲ, ಒಂದ್ ಏಟು ಬಿದ್ರ ಬಾಗೇ ಬಿಡ್ತೈತಿ."

ತಾಮ್ರಕ್ಕೆ ಬೆರೆಸುವ ತವರವೆಂಬ ಲೋಹ ಅವಳಿಗೇನು ಗೊತ್ತು? ಅವಳ ಕಿವಿಗೆ ಬಿದ್ದದ್ದು ತವರು. ಪಲ್ಯದ ಬೋಗುಣಿ ಇಟ್ಟವಳೇ ಬಿಕ್ಕಿಬಿಕ್ಕಿ ಅತ್ತಳು. ನಾನು ತೊದಲುತ್ತ ಅವಳಿಗೆ ಲೋಹದ ವಿಷಯವನ್ನೂ, ಕಾಕಾಗೆ ವೀಸಾದ ವಿಷಯವನ್ನೂ ತಿಳಿಸಿದೆ. ಕಾಕಾ ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟು ಎದ್ದುಹೋದರು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಹಾಜರ್! ಕೈಯಲ್ಲಿ ಪ್ರಯೋಗಾಲಯದ ತಕ್ಕಡಿ, ಊರಿನ ಅಕ್ಕನಿಗೆ ಫೋನ್ ಮಾಡಿ ಬರೆದುಕೊಂಡ ಬಾಣಂತಿ ಅಡುಗೆಯ ಪಟ್ಟಿ. ಅಂಟು, ಒಣಕೊಬ್ಬರಿ, ಉತ್ತತ್ತಿ ಎಲ್ಲವನ್ನೂ ಗ್ರಾಂ ಲೆಕ್ಕದಲ್ಲಿ ತೂಗಿ ಅಂಟಿನುಂಡಿ ಕಟ್ಟಿದರು. ಆ ಮೊದಲ ಉಂಡಿಯ ಮುಂದೆ ಕಂಚೇ ಮೆತ್ತಗೆ! ನಾಲ್ಕನೆಯ ಪ್ರಯತ್ನಕ್ಕೆ ಹಲ್ಲಿಗೆ ದಕ್ಕುವಂತಾಯಿತು. ಅತ್ತಿದ್ದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಹೆರಿಗೆಯ ದಿನ ನಾನು ನಿರೀಕ್ಷೆಯಂತೆ ಗೋಡೆ ಹಿಡಿದೆ. ಕಾಕಾ ದಾದಿಯರಿಗೂ ಹೆಂಡತಿಗೂ ನಡುವೆ ದುಭಾಷಿಯಾಗಿ, ಪರದೆಯಾಚೆ ನಿಂತು ಇಡೀ ದಿನ ಧೈರ್ಯ ಹೇಳಿದರು. ಮಗಳು ಹುಟ್ಟಿದಳು.

ವಾರದ ನಂತರ ಮಗು ನೋಡಲು ಬಂದ ಅವರ ಸಹೋದ್ಯೋಗಿ ಬಾಯಿ ಬಿಟ್ಟ. ಆ ಬಟ್ಟಲುಗಳನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಲು ಹತ್ತಾರು ವರ್ಷ ಕಾದ ಮೇಲೆ ಅದೇ ತಿಂಗಳು ಚೀನಾದಿಂದ ಕರೆ ಬಂದಿತ್ತಂತೆ. ಕಾಕಾ ಬರುವುದಿಲ್ಲವೆಂದು ಬರೆದುಬಿಟ್ಟಿದ್ದರು! ಹೀಗೇಕೆ ಮಾಡಿದಿರೆಂದು ಕೇಳಿದರೆ, ಅವರು ಮಡಚುತ್ತಿದ್ದ ಮಗುವಿನ ಹೊದಿಕೆಯ ದುಪಟಿಯಿಂದ ತಲೆ ಎತ್ತಲಿಲ್ಲ.

"ಅವು ಸಾವಿರಾರು ವರ್ಷ ಮಣ್ಣಾಗ ಕಾದಾವಪಾ, ಇನ್ನಷ್ಟು ದಿನ ಕಾಯ್ತಾವ. ಕೂಸು ಕಾಯ್ತೈತೇನು?"

ಅವರಿಗೆ ಕೈಮುಗಿಯಬೇಕೆನಿಸಿತು. ಇವತ್ತಿಗೂ ಅನಿಸುತ್ತದೆ. ಬಟ್ಟಲು ಹಿಡಿಯಬೇಕಿದ್ದ ಆ ಎರಡು ಕೈಗಳಲ್ಲಿ ಮಗಳನ್ನಿಟ್ಟು, ಹೆಂಡತಿ ಒಳಗೆ ಹೋಗಿ, ಸಂಜೆಯವರೆಗೂ ನೆಮ್ಮದಿಯಾಗಿ ನಿದ್ದೆ ಮಾಡಿದಳು.