ಇಪ್ಪತ್ತೊಂದು ಸಲ ‘ಆಗುತ್ತೆ’

ಕೆಲಸದಲ್ಲಿ ಮುಂದೆ ಬರಬೇಕಾದರೆ ಮೊದಲು ಮನಸ್ಸನ್ನು ತಿದ್ದಿಕೊಳ್ಳಬೇಕು ಎಂಬ ಮಹಾಸತ್ಯ ನನಗೆ ಹೊಳೆದಾಗ, ನಾನು ಕೆನ್ನೆಗೆ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದೆ. ಮಾವನವರು ಕೊಟ್ಟ ಕನ್ನಡಿ. ಬೀಳಬಾರದೆಂದು ನಡುಮನೆಯ ಗೋಡೆಗೆ ಗಾರೆ ಹಾಕಿಸಿ ಕೂರಿಸಿದ್ದೆ. ಗೋಡೆ ಮಾತ್ರ ನನ್ನದಲ್ಲ, ಯಡಿಯೂರಿನ ಮುನಿಯಪ್ಪನವರದು. ಜಯನಗರದ ಅಂಚಿನಲ್ಲಿ, ತಮ್ಮ ರಾಗಿ ಹೊಲದಲ್ಲಿ ಅವರು ಕಟ್ಟಿಸಿದ್ದ ಹೊಸ ಮನೆಗೆ ನಾವೇ ಮೊದಲ ಬಾಡಿಗೆದಾರರು.

ನಮ್ಮ ಆಫೀಸಿನ ಹೆಡ್ ಕ್ಲಾರ್ಕ್ ಸದ್ಯದಲ್ಲೇ ರಿಟೈರ್ ಆಗುವವರಿದ್ದರು. ಆ ಕುರ್ಚಿಗೆ ಇಬ್ಬರೇ ಅರ್ಹರು: ನಾನು ಮತ್ತು ನಂಜುಂಡಯ್ಯ. ನನಗೆ ಒಂದೇ ಒಂದು ಕಳಂಕವಿತ್ತು. ಯಾವ ಕೆಲಸ ಹೇಳಿದರೂ ನನ್ನ ಬಾಯಿಂದ ಮೊದಲು ಬರುತ್ತಿದ್ದ ಮಾತು “ಕಷ್ಟ ಸಾರ್”. ಜವಾನನೂ ಬೆನ್ನ ಹಿಂದೆ ನನ್ನನ್ನು ‘ಕಷ್ಟ ಸಾರ್’ ಎಂದೇ ಕರೆಯುತ್ತಿದ್ದ!

ಬಸವನಗುಡಿಯಲ್ಲಿ ಮಹನೀಯರೊಬ್ಬರ ಉಪನ್ಯಾಸ ಕೇಳಿದೆ. ದಿನವೂ ಬೆಳಿಗ್ಗೆ ಕನ್ನಡಿ ನೋಡಿಕೊಂಡು ಇಪ್ಪತ್ತೊಂದು ಸಲ ‘ಆಗುತ್ತೆ’ ಎಂದರೆ ಮನಸ್ಸು ಉಕ್ಕಾಗುತ್ತದೆಯಂತೆ. ಮರುದಿನದಿಂದಲೇ ಶುರು ಮಾಡಿದೆ. ಎರಡನೆಯ ದಿನ ಹದಿನಾಲ್ಕನೆಯ ‘ಆಗುತ್ತೆ’ಗೆ ನನ್ನ ಹೆಂಡತಿ ಕಮಲ ಒಳಗಿನಿಂದ ಬಂದಳು.

“ರೀ, ಸೌದೆ ಮುಗಿದಿದೆ. ಇವತ್ತು ತರೋಕೆ ಆಗುತ್ತಾ?”

“ಆಗುತ್ತೆ!”

“ನಿನ್ನೇನೂ ಹಾಗೇ ಅಂದ್ರಿ. ಬಾಯಲ್ಲಿ ಆದ್ರೆ ಒಲೆ ಉರಿಯಲ್ಲ.”

ಸಂಸಾರಿಗಳಿಗೆ ಇಂಥ ಉನ್ನತ ವಿಷಯಗಳು ಅರ್ಥವಾಗುವುದಿಲ್ಲವೆಂದು ಮುಂದಿನ ‘ಆಗುತ್ತೆ’ಗೆ ಹೋದೆ.

ಅದೇ ವಾರ ಹಾಸನದಿಂದ ವರ್ಗವಾಗಿ ಹೊಸ ಸಾಹೇಬರು ಬಂದರು. ಹೆಡ್ ಕ್ಲಾರ್ಕ್ ಯಾರಾಗಬೇಕೆಂದು ಗುಟ್ಟಾಗಿ ವರದಿ ಬರೆಯುವವರು ಅವರೇ. ಬಂದವರೇ ನಮ್ಮಿಬ್ಬರನ್ನೂ ಕರೆದು, “ನನಗೊಂದು ಬಾಡಿಗೆ ಮನೆ ಬೇಕಲ್ರೀ. ಹುಡುಕಿಕೊಡೋಕೆ ಆಗುತ್ತಾ?” ಎಂದರು.

ನಂಜುಂಡಯ್ಯ ಕನ್ನಡಕ ಒರೆಸಿಕೊಂಡು, “ಆಗಲ್ಲ ಸಾರ್. ಫೈಲು ಹುಡುಕು ಅಂದ್ರೆ ಹುಡುಕ್ತೀನಿ. ಮನೆ ಹುಡುಕೋದು ನನಗೆ ಬರಲ್ಲ” ಎಂದುಬಿಟ್ಟ. ನಾನು ಬೆಚ್ಚಿಬಿದ್ದೆ. ಮನುಷ್ಯ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವುದನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ!

“ಆಗುತ್ತೆ ಸಾರ್!” ಎಂದೆ. ದನಿ ಕಿಟಕಿಯ ಗಾಜಿಗೆ ತಾಗಿತು.

ಸಾಹೇಬರ ಪತ್ನಿಯವರ ಬೇಡಿಕೆಗಳು ಹೆಚ್ಚೇನಿರಲಿಲ್ಲ. ಪೂರ್ವದ ಬಾಗಿಲು, ಸಿಹಿನೀರಿನ ಬಾವಿ, ಹೂತ ಹಂಡೆಯ ಬಚ್ಚಲು, ಹಿತ್ತಲಲ್ಲಿ ಬಳ್ಳಿ ಹಬ್ಬಿಸಲು ಜಾಗ. ಎರಡು ವಾರ ಜಯನಗರವನ್ನೆಲ್ಲ ಸೈಕಲ್ಲಿನಲ್ಲಿ ಸುತ್ತಿದೆ. ಪೂರ್ವದ ಬಾಗಿಲಿದ್ದಲ್ಲಿ ಬಾವಿ ಉಪ್ಪು. ಬಾವಿ ಸಿಹಿಯಾಗಿದ್ದಲ್ಲಿ ಬಾಗಿಲು ದಕ್ಷಿಣಕ್ಕೆ. ಕೊನೆಗೆ ನಾಲ್ಕನೇ ಬ್ಲಾಕಿನಲ್ಲಿ ಎಲ್ಲವೂ ಕೂಡಿದ ಮನೆಯೊಂದು ಸಿಕ್ಕಿತು. ಭಾನುವಾರ ಸಾಹೇಬರು ಸಕುಟುಂಬವಾಗಿ ಜಟಕಾದಲ್ಲಿ ಬಂದಿಳಿದರು. ಹೋಗಿ ನೋಡಿದರೆ ಬಾಗಿಲಲ್ಲಿ ಯಾರೋ ಹಾಲು ಉಕ್ಕಿಸುವ ಸಡಗರದಲ್ಲಿದ್ದರು! ಮನೆ ಹಿಂದಿನ ದಿನವೇ ಕೈಬಿಟ್ಟುಹೋಗಿತ್ತು.

“ಹತ್ತಿರದಲ್ಲೇ ನಮ್ಮನೆ ಸಾರ್. ಕಾಫಿ ಕುಡಿದು ಹೋಗಬಹುದು” ಎಂದೆ. ಆ ದಿನದ ನನ್ನ ಅತಿ ದೊಡ್ಡ ತಪ್ಪು ಅದೆಂದು ಅಂದುಕೊಂಡಿದ್ದೀರಾ? ಇಲ್ಲ. ಅದು ಬಂದದ್ದು ಕಾಫಿಯ ನಂತರ.

ಕಮಲ ಕಾಫಿ ಕೊಟ್ಟಳು. ಸಾಹೇಬರ ಪತ್ನಿ ಲೋಟ ಹಿಡಿದೇ ಮನೆಯೆಲ್ಲ ನೋಡಿದರು. ಪೂರ್ವದ ಬಾಗಿಲು ನೋಡಿದರು. ಬಾವಿಯ ನೀರು ಸೇದಿಸಿ ಕುಡಿದರು. ಕಮಲ ಮೂರು ತಿಂಗಳು ಮುನಿಯಪ್ಪನವರ ಬೆನ್ನು ಬಿದ್ದು ಹೂಳಿಸಿದ್ದ ಹಂಡೆಯನ್ನು ತಟ್ಟಿ ನೋಡಿದರು. ಹಿತ್ತಲಿನಲ್ಲಿ ಆಗಷ್ಟೇ ಹೂಬಿಟ್ಟಿದ್ದ ಅವಳ ಅವರೆ ಬಳ್ಳಿಯ ಮುಂದೆ ನಿಂತು ಉಸಿರುಬಿಟ್ಟರು.

“ಇಂಥ ಮನೆ ಸಿಕ್ಕಿದ್ರೆ ಸಾಕಿತ್ತು ನೋಡಿ.”

“ಆಗುತ್ತೆ ಅಮ್ಮಾವ್ರೆ” ಎಂದೆ.

ಸಾಹೇಬರು ನಕ್ಕರು. “ಇಂಥದ್ದು ಯಾಕ್ರೀ ರಾಯರೇ, ಇದೇ ಆಗುತ್ತಾ?”

ತಮಾಷೆಗೆ ಕೇಳಿದ್ದರೋ ಏನೋ, ದೇವರಾಣೆಗೂ ಗೊತ್ತಿಲ್ಲ. ಆದರೆ ದಿನಕ್ಕೆ ಇಪ್ಪತ್ತೊಂದು ಸಲ ಪಳಗಿದ ಬಾಯಿ ಯಜಮಾನನ ಅಪ್ಪಣೆಗೆ ಕಾಯುತ್ತದೆಯೇ?

“ಆಗುತ್ತೆ ಸಾರ್!”

ಅಡುಗೆಮನೆಯಲ್ಲಿ ಒಂದು ತಟ್ಟೆ ಬಿತ್ತು. ಅದು ಉರುಳಿ ಉರುಳಿ ನಡುಮನೆಯ ಹೊಸ್ತಿಲವರೆಗೂ ಬಂತು. ನನ್ನ ಮಾತಿಗೆ ನಾನೇ ದಂಗಾಗಿದ್ದೆ.

ಮುನಿಯಪ್ಪನವರಾದರೂ ತಡೆಯುತ್ತಾರೆಂದು ಓಡಿದೆ. “ಆಫೀಸರು ಬರ್ತಾರಾ ಸ್ವಾಮಿ? ನಮ್ಮ ಮನೆಗಾ? ಇವತ್ತೇ ಸುಣ್ಣ ಹೊಡೆಸ್ತೀನಿ!” ಎಂದು ಅವರು ಟವೆಲು ಕೊಡವಿ ಎದ್ದೇಬಿಟ್ಟರು. “ನಿಮ್ಗೇನ್ ಯೋಚ್ನೆ? ಹಿಂದ್ಗಡೆ ಹುಲ್ಲು ತುಂಬೋ ರೂಮು ಖಾಲಿ ಮಾಡಿಸ್ತೀನಿ. ಬೇರೆ ಮನೆ ಸಿಗೋಗಂಟ ಇರಿ.”

ಹೀಗೆ ತಿಂಗಳು ತುಂಬುವಷ್ಟರಲ್ಲಿ ನಾವು ನಮ್ಮದೇ ಹಿತ್ತಲಿಗೆ ವರ್ಗವಾದೆವು. ಕಮಲ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಅವರೆ ಬಳ್ಳಿಯ ಕಡೆ ನೋಡಿ, “ಕಾಯಿ ಬಿಟ್ಟಿದೆ” ಎಂದಳು. ನೋಡಿದರೆ ಸಾಹೇಬರ ಪತ್ನಿ ಕೀಳುತ್ತಿದ್ದರು.

“ಸ್ವಲ್ಪ ತಾಳು ಕಣೆ. ಹೆಡ್ ಕ್ಲಾರ್ಕ್ ಆದ್ಮೇಲೆ ಇದೆಲ್ಲ ಮರೆತೇ ಹೋಗುತ್ತೆ” ಎಂದೆ.

ಬಡ್ತಿಯ ಪಟ್ಟಿ ಬಂತು. ಅದರಲ್ಲಿ ಒಂದೇ ಹೆಸರು: ನಂಜುಂಡಯ್ಯ!

ಸಂಜೆ ನೇರ ಸಾಹೇಬರ ಜಗಲಿಗೆ, ಅಂದರೆ ನನ್ನ ಜಗಲಿಗೆ, ಹೋಗಿ ನಿಂತೆ. ಕಮಲಳೂ ಹಿಂದೆಯೇ ಬಂದಳು.

“ನಾನೇ ಬರೆದೆ ರಾಯರೇ” ಎಂದರು ಸಾಹೇಬರು, ಬಹಳ ಪ್ರೀತಿಯಿಂದ. “ನೀವು ಒಳ್ಳೇವ್ರು. ಆದ್ರೆ ಹೆಡ್ ಕ್ಲಾರ್ಕ್ ಆದೋನಿಗೆ ‘ಆಗಲ್ಲ’ ಅನ್ನೋ ಎದೆಗಾರಿಕೆ ಬೇಕು. ಬಾಯಿಮಾತಿಗೆ ಕೇಳಿದ್ರೆ ಮನೇನೇ ಬಿಟ್ಟುಕೊಟ್ಟೋರು ನೀವು. ನಾಳೆ ಯಾರಾದ್ರೂ ಆಫೀಸೇ ಕೇಳಿದ್ರೆ?”

ಅವರು ಮುಂದುವರಿಸಿದರು. “ಅಂದ ಹಾಗೆ, ನಮ್ಮತ್ತೆಯವರು ಬರ್ತಿದ್ದಾರೆ. ಆ ಹಿಂದಿನ ರೂಮು ಸಿಕ್ಕಿದ್ರೆ ಅನುಕೂಲ. ಆಗುತ್ತಾ?”

ನನ್ನ ತುಟಿ ತಾನಾಗಿಯೇ ಅಲ್ಲಾಡಿತು. “ಆ... ಗು...”

“ಆಗಲ್ಲ” ಎಂದಳು ಕಮಲ.

ಒಂದೇ ಸಲ! ಕನ್ನಡಿ ಇಲ್ಲ, ಉಪನ್ಯಾಸವಿಲ್ಲ! ಸಾಹೇಬರು ಕುರ್ಚಿಯಿಂದ ಎದ್ದೇ ನಿಂತರು. “ಆಯ್ತಮ್ಮ” ಎಂದರು. ನನ್ನ ಕಡೆ ತಿರುಗಿ, “ಇವರು ನಮ್ಮ ಆಫೀಸಿಗೆ ಬರಬೇಕಿತ್ತು ಕಣ್ರೀ” ಎಂದರು.

ಅಂದು ಒಂದು ಘೋರ ಪ್ರತಿಜ್ಞೆ ಮಾಡಿದೆ. ಇನ್ನು ಮುಂದೆ ದಿನವೂ ಕನ್ನಡಿಯ ಮುಂದೆ ಇಪ್ಪತ್ತೊಂದು ಸಲ ‘ಆಗಲ್ಲ’! ಹಿತ್ತಲಿಗೆ ಬಂದಂದಿನಿಂದ ಕ್ಷೌರದ ಅಂಗಡಿಗೇ ಹೋಗುತ್ತಿದ್ದವನಿಗೆ, ಮರುದಿನ ಬೆಳಿಗ್ಗೆ ಕೆನ್ನೆಗೆ ಸೋಪು ಹಚ್ಚಿದ ಮೇಲೆ ನೆನಪಾಯಿತು, ಕನ್ನಡಿ ಆ ಮನೆಯ ಗೋಡೆಯಲ್ಲೇ ಇದೆ. ಸೋಪಿನ ಮುಖದಲ್ಲೇ ಅಂಗಳ ದಾಟಿ, ಕನ್ನಡಿ ವಾಪಸು ಕೇಳಿಯೇ ಬಿಡುತ್ತೇನೆಂದು ಹೋದೆ. ಸಾಹೇಬರು ಅದರ ಮುಂದೆ ನಿಂತು ಗಡ್ಡ ಹೆರೆದುಕೊಳ್ಳುತ್ತಿದ್ದರು.

“ಒಳ್ಳೇ ಕನ್ನಡಿ ರಾಯರೇ” ಎಂದರು, ತಿರುಗಿಯೂ ನೋಡದೆ. “ಕಿತ್ರೆ ಗೋಡೆ ಹಾಳಾಗುತ್ತೆ. ಇಲ್ಲೇ ಇದ್ರೆ ಆಗುತ್ತಲ್ವಾ?”

ಕನ್ನಡಿಯಲ್ಲಿ ಅವರ ಹೆಗಲ ಪಕ್ಕ ನನ್ನ ಮುಖ ಕಾಣಿಸಿತು. ಅರ್ಧ ಸೋಪು, ಅರ್ಧ ಭಯ.

“ಆಗುತ್ತೆ ಸಾರ್” ಎಂದೆ.