ಕೆಡದ ಕಾರು, ಉಣ್ಣದ ನಾಯಿ

ತನ್ನ ಕಾರು ಕೆಟ್ಟು ನಿಲ್ಲಲಿ ಎಂದು ದೇವರಿಗೆ ಕೈಮುಗಿದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ದೊಡ್ಡಪ್ಪ.

ಹೊಳಲ್ಕೆರೆಯಲ್ಲಿ ಅವರದು ಮಂಡಿ ವ್ಯಾಪಾರ. ಯಾರೋ ಗುತ್ತಿಗೆದಾರರು ಕೈಬಿಟ್ಟ ಹಳೆಯ ಕಪ್ಪು ಕಾರೊಂದನ್ನು ಕೊಂಡಿದ್ದರು. ಅದು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಆ ಕಾರು ತಳ್ಳದ ಗಂಡಸಿಗೆ ಊರಲ್ಲಿ ಹೆಣ್ಣು ಕೊಡುತ್ತಿರಲಿಲ್ಲ ಎಂದರೆ ಉತ್ಪ್ರೇಕ್ಷೆ. ತಳ್ಳದವರು ವಿರಳ ಎಂಬುದು ಮಾತ್ರ ಸತ್ಯ.

ಎಪ್ಪತ್ತರ ದಶಕದಲ್ಲಿ ಅವರು ತಮ್ಮ ಒಬ್ಬಳೇ ಮಗಳನ್ನು, ಅಂದರೆ ನನ್ನ ತಂಗಿಯನ್ನು, ಹೊಸದುರ್ಗದ ಹತ್ತಿರದ ಬಾಗೂರಿಗೆ ಮದುವೆ ಮಾಡಿ ಕೊಟ್ಟರು. ಅವಳು ಅತ್ತ ಹೋದಳೋ ಇಲ್ಲವೋ, ಅವಳು ಸಾಕಿದ್ದ ನಾಯಿ ದೊರೆ ಇತ್ತ ಊಟ ಬಿಟ್ಟಿತು. ಮುದ್ದೆಗೆ ಹಾಲು ಕಲಸಿಟ್ಟರೂ ಮೂಸಿ ಮುಖ ತಿರುಗಿಸಿತು. ಪಕ್ಕೆಲುಬುಗಳು ಕಾಣತೊಡಗಿದವು. ಪಶುವೈದ್ಯರು ನೋಡಿ, ಔಷಧಿ ನನ್ನ ಹತ್ತಿರ ಇಲ್ಲ, ಬಾಗೂರಿನಲ್ಲಿದೆ ಎಂದುಬಿಟ್ಟರು. ದೊಡ್ಡಮ್ಮ ದೊರೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಸ್ಸು ಹತ್ತಿ, ಕಂಡಕ್ಟರನ ಬೈಗುಳ ತಿಂದು ಇಳಿದಿದ್ದೂ ಆಯಿತು.

ಹಾಗಾದರೆ ಕಾರಿನಲ್ಲಿ ಕರೆದೊಯ್ದರಾಯಿತಲ್ಲ? ಆಗದು! ನಮ್ಮ ಮನೆತನದಲ್ಲಿ ಒಂದು ಕಟ್ಟಳೆ ಇತ್ತು. ಬೀಗರು ಬಂದು ಕರೆಯುವ ತನಕ ಹೆಣ್ಣಿನ ತಂದೆ ಅವರ ಹೊಸ್ತಿಲು ತುಳಿಯಬಾರದು. ಬೀಗರೋ, ಸುಗ್ಗಿ ಮುಗಿಸಿ ಬರುತ್ತೇವೆ ಎಂದಿದ್ದರು. ದೊರೆ ಸುಗ್ಗಿ ಕಾಣುವ ಲಕ್ಷಣ ಇರಲಿಲ್ಲ.

ದೊಡ್ಡಪ್ಪ ಕಟ್ಟಳೆಯಲ್ಲೇ ಒಂದು ಕಿಂಡಿ ಹುಡುಕಿದರು. ದಾರಿಯಲ್ಲಿ ಗಾಡಿ ಕೆಟ್ಟವನು ಯಾರ ಮನೆಯಲ್ಲಾದರೂ ನೀರು ಕೇಳಬಹುದು. ಆದ್ದರಿಂದ ಕಾರು ಬೀಗರ ಬಾಗಿಲ ಮುಂದೆಯೇ ಕೆಡಬೇಕು. ಹೊಳಲ್ಕೆರೆಯಿಂದ ನೇರ ಹೋದರೆ ಬೇಕೆಂದೇ ಬಂದಂತೆ ಕಾಣುತ್ತದೆ. ಅದಕ್ಕೇ ಚಿತ್ರದುರ್ಗಕ್ಕೆ ಬಂದು, ಹಿರಿಯೂರಿಗೆ ಹೋಗಿ, ಅಲ್ಲಿಂದ ಹೊಸದುರ್ಗದ ಮೇಲೆ ಊರಿಗೆ ಮರಳುವಾಗ ಕೆಡುವುದೆಂದು ತೀರ್ಮಾನವಾಯಿತು. ಕೊಂಕಣ ಸುತ್ತಿ ಮೈಲಾರಕ್ಕೆ ಬರುವುದು ಎಂದರೆ ಇದೇ ಅಲ್ಲವೇ?

ಚಿತ್ರದುರ್ಗದಲ್ಲಿ ಪತ್ರಿಕೆಯೊಂದಕ್ಕೆ ಸುದ್ದಿ ಬರೆದುಕೊಂಡಿದ್ದ ನನ್ನನ್ನೂ ಹತ್ತಿಸಿಕೊಂಡರು. ತಳ್ಳುವುದಕ್ಕೆ ಎಂದು ಬೇರೆ ಹೇಳಬೇಕೆ? ಹಿಂದಿನ ಸೀಟಿನಲ್ಲಿ ದೊರೆ ಕಂಬಳಿಯ ಮೇಲೆ ಪವಡಿಸಿತ್ತು. ಎರಡೂ ಕಡೆಯ ಹೇಳಿಕೆ ಪಡೆಯುವುದು ನನ್ನ ಕಸುಬಿನ ನಿಯಮ. ದೊರೆ ಪ್ರತಿಕ್ರಿಯೆಗೆ ಸಿಗಲಿಲ್ಲ.

“ಅಲ್ಲ ದೊಡ್ಡಪ್ಪ, ಬೀಗರ ಮನೆ ಮುಂದೆ ನೀವೇ ಇಂಜಿನ್ ಬಂದ್ ಮಾಡಿದ್ರೆ ಆಗಲ್ವಾ?” ಎಂದೆ.

“ಅದು ಸುಳ್ಳಾಗ್ತೈತೆ ಕಣಪ್ಪ. ಅದೇ ನಿಂತ್ಕಬೇಕು.”

ಅದು ನಿಂತಿತು. ಆದರೆ ಐಮಂಗಲದ ಹತ್ತಿರ! ರೇಡಿಯೇಟರ್ ಸ್ನಾನದ ಹಂಡೆಯಂತೆ ಹೊಗೆಯಾಡಿತು. ನಾನು ಹೊಲದ ಬಾವಿಯಿಂದ ಕೊಡ ಹೊತ್ತು ತಂದೆ. ದೊಡ್ಡಪ್ಪ ಮೊದಲು ದೊರೆಗೆ ಹಿಡಿದರು, ಆಮೇಲೆ ಕಾರಿಗೆ ಹೊಯ್ದರು. ತಳದಲ್ಲಿ ಉಳಿದದ್ದು ನನಗೆ ಬಂತು. ಕುಟುಂಬದಲ್ಲಿ ನನ್ನ ಸ್ಥಾನ ಅಂದು ಸ್ಪಷ್ಟವಾಯಿತು.

ಹಿರಿಯೂರಿನ ಹೊತ್ತಿಗೆ ಕಾರು ಪೂರ್ತಿ ಉಸಿರು ಬಿಟ್ಟಿತು. ಲಾರಿ ಗ್ಯಾರೇಜಿನವನೊಬ್ಬ ಬಾನೆಟ್ ಎತ್ತಿ, ಈ ಗಾಡಿ ಇಲ್ಲಿಗೆ ಬಂದದ್ದು ಹೇಗೆ ಎಂದು ಕೇಳಿದ. ನಾನು ನನ್ನ ಭುಜ ತೋರಿಸಿದೆ. ಅವನಿಗೆ ಅದೇನು ಹಟ ಹುಟ್ಟಿತೋ, ಒಂದೊಂದನ್ನೇ ಬಿಚ್ಚಿ, ಉಜ್ಜಿ, ಬಿಗಿಯತೊಡಗಿದ. ಅವನು ಬಿಗಿದಷ್ಟೂ ದೊಡ್ಡಪ್ಪನ ಮುಖ ಸಡಿಲವಾಯಿತು. ಕೊನೆಗೆ ತಡೆಯಲಾರದೆ ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತರು.

“ಅಷ್ಟೊಂದು ಬ್ಯಾಡಪ್ಪ. ಬಾಗೂರಿನ ತನಕ ಹೋಗಿ ನಿಂತರೆ ಸಾಕು.”

ಅವನು ಸ್ಪ್ಯಾನರ್ ಕೆಳಗಿಟ್ಟು ಇವರನ್ನೇ ನೋಡಿದ. “ಅಳತೆ ಹಾಕಿ ಹರಿದು ಕೊಡಾಕೆ ಇದೇನು ಬಟ್ಟೆ ಅಂಗಡಿನೇನ್ರಿ?”

ಅಲ್ಲಿಂದ ಹೊರಟ ಕಾರಿನ ಓಟವನ್ನು ಏನೆಂದು ಹೇಳಲಿ! ಮಾರಿಕಣಿವೆಯ ಏರನ್ನು ಹುಡುಗಿಯಂತೆ ಹತ್ತಿತು. ಕೆಮ್ಮಿಲ್ಲ, ಗೊರಕೆಯಿಲ್ಲ. ಮನೆಯಲ್ಲಿ ಕಾಯಿಲೆಯವರು ಮಾತು ನಿಲ್ಲಿಸಿದಾಗ ಕಿವಿಗೊಡುವ ಹಾಗೆ ದೊಡ್ಡಪ್ಪ ಇಂಜಿನ್ನಿಗೆ ಕಿವಿಗೊಟ್ಟು ಓಡಿಸಿದರು. ಹೊಸದುರ್ಗ ದಾಟುವಾಗ ಸ್ಟೀರಿಂಗ್ ಬಿಟ್ಟು ಕೈಮುಗಿದರು. ಸ್ಟೀರಿಂಗ್ ಬಿಟ್ಟದ್ದಕ್ಕೆ ನಾನೂ ಕೈಮುಗಿದೆ.

ಬಾಗೂರು ಬಂತು. ಬೀಗರ ಮನೆ ಬಂತು. ಮನೆ ಹೋಯಿತು! ಕಾರು ನಿಲ್ಲಲಿಲ್ಲ. ಬೀದಿಯ ಕೊನೆಯಲ್ಲಿ ತಿರುಗಿಸಿಕೊಂಡು ಬಂದರು. ಆಗಲೂ ನಿಲ್ಲಲಿಲ್ಲ. ಉಬ್ಬು ತಗ್ಗು ಹುಡುಕಿ ಹುಡುಕಿ ಚಕ್ರ ಇಳಿಸಿದರು. ಊಹೂಂ. ನೀರಿಗೆ ಬಂದ ಹೆಂಗಸರು ಕೊಡ ಇಳಿಸಿ ನಿಂತರು. ಕಟ್ಟೆಯ ಮೇಲಿನ ಮುದುಕರೊಬ್ಬರು ಯಾರನ್ನು ಹುಡುಕುತ್ತಿದ್ದೀರಿ ಎಂದು ಕೇಳಿದರು.

“ಯಾರ್ನೂ ಇಲ್ರಿ. ಹಿಂಗೇ ಹೋಗ್ತಾ ಇದೀವಿ.”

“ಹೋಗ್ತಾ ಇಲ್ಲವಲ್ರಿ,” ಎಂದರು ಮುದುಕರು.

ಮೂರನೆಯ ಸುತ್ತಿನಲ್ಲಿ, ಬೆಳಗಿನಿಂದ ತಲೆ ಎತ್ತದ ದೊರೆ ತಲೆ ಎತ್ತಿತು. ಮೂಗು ಅರಳಿತು. ಮರುಕ್ಷಣ ಕಿಟಕಿಯಿಂದ ಹಾರಿ, ಕಸದ ಬುಟ್ಟಿ ಹಿಡಿದು ಹೊರಬಂದ ನನ್ನ ತಂಗಿಯ ಮೇಲೆ ಬಿತ್ತು. ಬುಟ್ಟಿ ಒಂದು ಕಡೆ, ತಂಗಿ ಒಂದು ಕಡೆ. ಅವಳು ನೆಲದ ಮೇಲೆ ಕೂತು ನಗುತ್ತ ಅಳುತ್ತ ದೊರೆಯನ್ನು ತಬ್ಬಿಕೊಂಡಳು. ಗದ್ದಲ ಕೇಳಿ ಬೀಗರು ಹೊರಗೆ ಬಂದರು. ದೊಡ್ಡಪ್ಪ ಕಾರಿನಿಂದ ಇಳಿದು ಹೊಸ್ತಿಲಿಂದ ಮಾರು ದೂರದಲ್ಲಿ, ಗೆರೆ ಎಳೆದಂತೆ ನಿಂತುಬಿಟ್ಟರು.

“ಗಾಡಿ ಕೆಟ್ಟೈತೇನ್ರಿ ಬೀಗರೆ?”

ಪಾಪ, ಬೇಕಾದ ಮಾತನ್ನು ಬೀಗರೇ ಬಾಯಿಗಿಟ್ಟಿದ್ದರು! ದೊಡ್ಡಪ್ಪ ತಿರುಗಿ ಕಾರು ನೋಡಿದರು. ಅದು ಹಸುಗೂಸಿನ ಉಸಿರಿನ ಹಾಗೆ ಹದವಾಗಿ ಗುನುಗುತ್ತಿತ್ತು.

“ಇಲ್ರಿ. ಚೆನ್ನಾಗೈತೆ,” ಎಂದು ತಲೆ ತಗ್ಗಿಸಿದರು. “ನಾಯಿ ಉಣ್ತಿರಲಿಲ್ಲ. ಅದಕ್ಕೇ ಬಂದೆ.”

ಬೀಗರು ದೊರೆಯನ್ನು ನೋಡಿದರು, ಸೊಸೆಯನ್ನು ನೋಡಿದರು. ಸುಗ್ಗಿಯ ಮಾತೆತ್ತಲಿಲ್ಲ. ಮೆಟ್ಟಿಲಿಳಿದು ಬಂದು ದೊಡ್ಡಪ್ಪನ ಕೈ ಹಿಡಿದರು. “ಒಳಗೆ ಬರ್ರಿ. ಮುದ್ದೆ ಬಿಸಿ ಐತೆ.”

ಹಿತ್ತಿಲಲ್ಲಿ ತಂಗಿ ಕಲಸಿಟ್ಟದ್ದನ್ನು ದೊರೆ ತಟ್ಟೆ ಸವೆಯುವಂತೆ ನೆಕ್ಕಿತು. ಎಲ್ಲರೂ ನಿಂತು ನೋಡಿದ್ದೇ ನೋಡಿದ್ದು. ಅವಳು ಕೈ ತೊಳೆದು ಒಳಗೆ ಬಂದು ನಮಗೆ ಬಡಿಸಲು ಬಗ್ಗಿದಳು. ಅಪ್ಪನ ಎದುರಿಗೆ ಬಂದವಳು ಸೌಟು ಹಿಡಿದು ಹಾಗೇ ನಿಂತಳು.

“ಅಪ್ಪಾ, ನಿನ್ನ ಅಂಗಿ ಯಾಕೆ ಇಷ್ಟು ದೊಡ್ಡದಾಗೈತೆ?”

ನಾನೂ ಆಗ ನೋಡಿದೆ. ಮದುವೆಯ ದಿನ ತೊಟ್ಟಿದ್ದ ಅಂಗಿಯೇ ಅದು. ಅಂದು ಗುಂಡಿ ಹಾಕಲು ತಿಣುಕಿದ್ದರು. ಈಗ ಕೊರಳ ಪಟ್ಟಿಯಲ್ಲಿ ಒಂದು ಕೈ ಹಿಡಿಸುವಷ್ಟು ಜಾಗ ಇತ್ತು.

“ಒಗೆದೂ ಒಗೆದೂ ಜೋಲು ಬಿದ್ದೈತೆ ಕಣವ್ವ,” ಎಂದರು ದೊಡ್ಡಪ್ಪ.

ಅವಳು ಇನ್ನೊಂದು ಮುದ್ದೆ ಇಟ್ಟು, ಸಾರು ಬಿಟ್ಟು, ಅವರು ಉಂಡು ಮುಗಿಸುವ ತನಕ ಪಕ್ಕದಲ್ಲೇ ಕೂತಳು.